ರೈಲ್ವೆ ಗೇಟಿನ ಸಂಸಾರ

ಹನ್ನೊಂದನೇ ನಂಬರಿನ ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿದ ಡ್ರೈವರನ್ನು ನಾವೆಲ್ಲ ಸಾವಧಾನಪ್ಪ ಎಂದು ಕರೆಯುತ್ತಿದ್ದೆವು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಕೆಲಸಕ್ಕೆ ಬರುತ್ತಿತ್ತು. ಆತನ ಬಸ್ಸಿನ ವೇಗದ ಮುಳ್ಳು ಮೂವತ್ತೈದನ್ನು ದಾಟಿದ್ದನ್ನು ಕಂಡವರಿಲ್ಲ. ಸೈಕಲ್ಲಿನವರು ಹಿಂದಿನಿಂದ ಗಂಟೆ ಬಾರಿಸಿ ದಾರಿ ಕೇಳುತ್ತಿದ್ದರು. ಆತ ಕೈ ಹೊರಗೆ ಚಾಚಿ, ದೊಡ್ಡ ಮನಸ್ಸಿನಿಂದ, ಅವರನ್ನು ಮುಂದೆ ಬಿಡುತ್ತಿದ್ದ.

ನಿಯಮಗಳೆಂದರೆ ಆತನಿಗೆ ಬಹಳ ಭಕ್ತಿ. ಡ್ರೈವರಿನ ಹಿಂದಿನ ಕಂಬಿಯ ಮೇಲೆ ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂದು ಬರೆದ ಫಲಕವಿತ್ತು. ಬೇರೆ ಬಸ್ಸುಗಳಲ್ಲಿ ಆ ಫಲಕಕ್ಕೆ ಚೀಲ ನೇತುಹಾಕುತ್ತಿದ್ದರು. ನಮ್ಮ ಸಾವಧಾನಪ್ಪ ಪ್ರತಿ ಸೋಮವಾರ ಅದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ.

ಬೆಳಗಿನ ಐದೂವರೆಗೆ ಡಿಪೋದಲ್ಲಿ ಸಹಿ ಹಾಕಿದರೆ ಮತ್ತೆ ಕೀಲಿಕೈ ಒಪ್ಪಿಸುವಾಗ ರಾತ್ರಿ ಒಂಬತ್ತು ಹೊಡೆದಿರುತ್ತಿತ್ತು. ಎಂಟು ಗಂಟೆಯ ಕೆಲಸವೆಂದು ನಿಯಮದ ಪುಸ್ತಕ ಹೇಳುತ್ತಿತ್ತು. ಡ್ರೈವರುಗಳ ಕೊರತೆಯೆಂದು ಡಿಪೋ ಮ್ಯಾನೇಜರ್ ಹೇಳುತ್ತಿದ್ದ. ಸಾವಧಾನಪ್ಪ ಇಬ್ಬರ ಮಾತಿಗೂ ತಲೆಯಾಡಿಸಿ, ಎರಡು ಪಾಳಿಯನ್ನೂ ಒಬ್ಬನೇ ಮಾಡುತ್ತಿದ್ದ. ವಾರದ ರಜೆಯ ದಿನ ಡಿಪೋದಿಂದ ಫೋನು ಬರುತ್ತಿತ್ತು, ‘ಇದೊಂದು ದಿನ ಬಂದುಬಿಡಿ’ ಎಂದು. ಇದೊಂದು ದಿನ, ಇದೊಂದು ದಿನ ಎನ್ನುತ್ತಲೇ ಹತ್ತೊಂಬತ್ತು ವರ್ಷ ಕಳೆದಿದ್ದವು. ಮನೆಗೆ ಹೋಗಿ ತಟ್ಟೆಯ ಮುಂದೆ ಕುಳಿತರೆ ಮೂರನೆಯ ತುತ್ತಿಗೆ ನಿದ್ದೆ. ಒಮ್ಮೆ ಹೆಂಡತಿ ಅಡುಗೆಮನೆಯ ಸೂರು ಸೋರುವ ವಿಷಯ ಹೇಳುತ್ತಿದ್ದಾಗ ಆತ ಕಣ್ಣು ಮುಚ್ಚಿಕೊಂಡೇ, “ಮುಂದೆ ಹೋಗಿ, ಮುಂದೆ ಜಾಗ ಇದೆ” ಎಂದನಂತೆ. ಅದು ಕಂಡಕ್ಟರನ ಮಾತು. ದಿನವಿಡೀ ಕಿವಿಗೆ ಬಿದ್ದು ಇವನ ನಾಲಿಗೆಗೂ ಅಂಟಿಕೊಂಡಿತ್ತು.

ಹೀಗಾಗಿ ಆ ಮನೆಯ ಸಂಸಾರ ನಡೆಯುತ್ತಿದ್ದುದು ಬಸ್ಸಿನಲ್ಲಿ, ನಾಲ್ಕೂವರೆಯ ಟ್ರಿಪ್ಪಿನಲ್ಲಿ, ಐವತ್ತು ಜನರ ಎದುರಿಗೆ.

ಹೆಂಡತಿ ಬಿಸ್ಕತ್ತು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದಲ್ಲಿದ್ದಳು. ಪಾಳಿ ಮುಗಿಸಿ ಕಾರ್ಖಾನೆಯ ಎದುರಿಗೇ ಬಸ್ಸು ಹತ್ತುತ್ತಿದ್ದಳು. ಎರಡು ಸ್ಟಾಪ್ ಆದ ಮೇಲೆ ಮಗಳು ಕಾಲೇಜಿನಿಂದ ಬಂದು ಹತ್ತುತ್ತಿದ್ದಳು. ಕಂಬಿಯ ಹಿಂದಿನ ಸೀಟು ತಾಯಿ ಮಗಳಿಗೆ ಮೀಸಲು. ಯಾರೂ ಮೀಸಲಿಟ್ಟದ್ದಲ್ಲ, ಬೇರೆಯವರು ಕುಳಿತರೆ ಮಿಕ್ಕವರು ಎಬ್ಬಿಸುತ್ತಿದ್ದರು. ಶಾಲೆಯಲ್ಲಿ ಪಾಠ ಮಾಡಿ ಮುಗಿಸಿ ನಾನೂ ಅದೇ ಬಸ್ಸಿಗೆ ಬರುತ್ತಿದ್ದುದರಿಂದ ಇದೆಲ್ಲ ಕಣ್ಣಾರೆ ಕಂಡದ್ದು.

ನಿಯಮವನ್ನು ಮುರಿಯದೆ ಹೆಂಡತಿಯೊಡನೆ ಮಾತನಾಡುವುದು ಹೇಗೆ? ಅದಕ್ಕೆ ಆತ ಒಂದು ವ್ಯಾಖ್ಯಾನ ಕಂಡುಕೊಂಡಿದ್ದ. “ಗಾಲಿ ಉರುಳ್ತಾ ಇದ್ರೆ ನಾನು ಚಾಲಕ. ಗಾಲಿ ನಿಂತ್ರೆ ನಾನೂ ನಿಮ್ಮ ಹಾಗೇ ಒಬ್ಬ ಮನುಷ್ಯ.” ಆದ್ದರಿಂದ ಮಾತೆಲ್ಲ ಸಿಗ್ನಲ್ಲಿನಲ್ಲಿ. ಹೆಂಡತಿ ಆ ದಾರಿಯ ಸಿಗ್ನಲ್ಲುಗಳನ್ನು ಅಳೆದು ವಿಷಯಗಳನ್ನು ಹಂಚಿಟ್ಟಿದ್ದಳು. ಅಂಚೆ ಕಚೇರಿಯ ಸಿಗ್ನಲ್ಲು ನಲವತ್ತು ಸೆಕೆಂಡು: ಗ್ಯಾಸ್ ಮುಗಿಯಿತು, ನಲ್ಲಿ ಸೋರುತ್ತಿದೆ. ಆಸ್ಪತ್ರೆಯ ಸಿಗ್ನಲ್ಲು ಒಂದೂವರೆ ನಿಮಿಷ: ನೆಂಟರಿಷ್ಟರು, ಕಾಯಿಲೆ ಕಸಾಲೆ. ಬದುಕಿನ ದೊಡ್ಡ ವಿಷಯಗಳೆಲ್ಲ ರೈಲ್ವೆ ಗೇಟಿಗೆ. ಐದು ಗಂಟೆಗೆ ಒಂದು ಗೂಡ್ಸ್, ಅದರ ಬೆನ್ನಿಗೇ ಒಂದು ಪ್ಯಾಸೆಂಜರ್. ಎರಡೂ ಹೋಗಿ ಗೇಟು ತೆಗೆಯುವಾಗ ಹನ್ನೊಂದು ನಿಮಿಷ. ಮಗಳು ವಿಜ್ಞಾನ ಓದಬೇಕೋ ಬೇರೇನೋ ಎಂಬುದು ಮೂರು ಗೇಟುಗಳಲ್ಲಿ ತೀರ್ಮಾನವಾಗಿತ್ತು. ರೈಲು ತಡವಾದರೆ ಊರೆಲ್ಲ ಶಪಿಸುತ್ತಿತ್ತು. ಆ ಸೀಟಿನಲ್ಲಿ ಮಾತ್ರ ಮುಖಗಳು ಅರಳುತ್ತಿದ್ದವು.

ಗಾಲಿ ಕದಲಿತೆಂದರೆ ಆತನ ಬಾಯಿಗೆ ಬೀಗ. ಒಮ್ಮೆ ಆಸ್ಪತ್ರೆಯ ಸಿಗ್ನಲ್ಲಿನಲ್ಲಿ “ಹಾಗೆ ನೋಡಿದ್ರೆ ನಿಮ್ಮಮ್ಮ...” ಎನ್ನುವಾಗ ಹಸಿರು ಬಿತ್ತು. ಆ ವಾಕ್ಯ ಮುಗಿಯುವುದಕ್ಕೆ ರೈಲ್ವೆ ಗೇಟು ಬರಬೇಕಾಯಿತು. ನಡುವಿನ ಒಂಬತ್ತು ನಿಮಿಷ ಹೆಂಡತಿಯ ಮುಖವನ್ನು ನೋಡಲು ನಮಗೆ ಯಾರಿಗೂ ಧೈರ್ಯವಿರಲಿಲ್ಲ. ಕೊನೆಗೆ ಆತ ಹೇಳಿದ್ದು “ನಿಮ್ಮಮ್ಮ ಎಷ್ಟೋ ವಾಸಿ” ಎಂದು. ಬಸ್ಸಿನಲ್ಲಿ ಯಾರೂ ನಂಬಲಿಲ್ಲ.

ಆಕೆಗೆ ಹಿಂದಿನ ದಿನ ಮಾತು ಎಲ್ಲಿಗೆ ನಿಲ್ಲಿಸಿದ್ದೆನೆಂಬುದು ಮರೆಯುತ್ತಿತ್ತು. ಬಸ್ಸು ಮರೆಯುತ್ತಿರಲಿಲ್ಲ.

“ನಿನ್ನೆ ಎಲ್ಲಿವರೆಗೆ ಬಂದಿದ್ದೆ?” ಎಂದು ಆಕೆ ಕೇಳುವುದು.

“ನಿನ್ನ ನಾದಿನಿ ಕುಕ್ಕರ್ ವಾಪಸ್ ತಂದ್ಲು ಅನ್ನೋವರೆಗೂ ಹೇಳಿದ್ದೆ ಕಣಮ್ಮ” ಎಂದು ಸೊಪ್ಪಿನ ಬುಟ್ಟಿಯ ಅಜ್ಜಿ ಹಿಂದಿನ ಸೀಟಿನಿಂದ ನೆನಪಿಸುವುದು.

“ಹಾಂ, ತಂದ್ಲು. ಸೀಟಿ ಎಲ್ಲಮ್ಮ ಅಂದ್ರೆ, ಕೊಡುವಾಗ ಇತ್ತಾ ಅಂತ ನನ್ನನ್ನೇ ಕೇಳ್ತಾಳಲ್ರೀ ನಿಮ್ಮ ತಂಗಿ!”

ಡ್ರೈವರು ಯೋಚಿಸಿ, “ಇತ್ತಾ?” ಎಂದ.

“ಇತ್ತು!” ಎಂದಿತು ಇಡೀ ಬಸ್ಸು.

ಎಂಜಿನ್ನಿನ ಗದ್ದಲದಲ್ಲಿ ಹೆಂಡತಿಯ ದನಿ ಮುಟ್ಟದಿದ್ದಾಗ ಕಂಡಕ್ಟರು ಎತ್ತಿಕೊಂಡು ಹೇಳುತ್ತಿದ್ದ. ಅವನಿಗೆ ರೇಡಿಯೊ ಎಂಬ ಹೆಸರು ಬಂದದ್ದು ಹಾಗೆ. ಇದ್ದುದನ್ನು ಇದ್ದಂತೆ ಹೇಳುವ ಕೆಟ್ಟ ಅಭ್ಯಾಸ ಅವನಿಗಿರಲಿಲ್ಲ. “ಅಣ್ಣಾ, ಅತ್ತಿಗೆ ನಲ್ಲಿ ರಿಪೇರಿ ಅಂತಿದ್ದಾರೆ. ದನಿ ಕೇಳಿದ್ರೆ ನಲ್ಲಿ ಒಂದೇ ಅಲ್ಲ ಅನ್ಸತ್ತೆ.”

ಮಗಳಿಗೆ ಹದಿನೆಂಟು ತುಂಬಿದ ವರ್ಷ ಎರಡು ಸಂಗತಿಗಳು ಒಟ್ಟಿಗೆ ಬಂದವು. ಒಂದು, ದೂರದ ಊರಿನಲ್ಲಿ ಅವಳಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿತು. ಸೇರುವ ಅರ್ಜಿಗೆ ತಂದೆಯ ಸಹಿ ಬೇಕಿತ್ತು. ಕೊನೆಯ ದಿನ ಮಂಗಳವಾರ, ಬೆಳಗಿನ ಹತ್ತು ಗಂಟೆ. ಇನ್ನೊಂದು, ರೈಲ್ವೆ ಗೇಟಿನ ಮೇಲೆ ಏಳು ವರ್ಷದಿಂದ ಕಟ್ಟುತ್ತಲೇ ಇದ್ದ ಮೇಲ್ಸೇತುವೆ ಮುಗಿಯಿತು.

ನರ್ಸಿಂಗ್ ಎಂದರೆ ತಾಯಿಗೆ ಸುತರಾಂ ಒಪ್ಪಿಗೆಯಿಲ್ಲ. “ಹೊತ್ತು ಗೊತ್ತಿಲ್ಲದ ಕೆಲಸಕ್ಕೆ ಬಿದ್ದವರು ಈ ಮನೆಗೆ ಒಬ್ಬರೇ ಸಾಕು” ಎಂದು ಮಗಳಿಗೆ ಹೇಳಿಬಿಟ್ಟಿದ್ದಳು. ಆದರೆ ಗಂಡನ ಮುಂದೆ ವಿಷಯ ಬಂದರೆ ಆತ ಯಾವ ಕಡೆ ವಾಲುತ್ತಾನೋ ಎಂಬ ಭಯವೂ ಇತ್ತು. ಆದ್ದರಿಂದ ಆಕೆ ಒಂದು ಉಪಾಯ ಹೂಡಿದಳು. ಬಸ್ಸು ಗೇಟಿನ ಮುಂದೆ ನಿಂತದ್ದೇ ತಡ, ಮಗಳು ಬಾಯಿ ತೆರೆಯುವ ಮುಂಚೆ ತಾನೇ ಶುರುಮಾಡಿ, ಹನ್ನೊಂದು ನಿಮಿಷವನ್ನೂ ತಿಂದುಹಾಕುವುದು. ಬುಧವಾರ ಕುಕ್ಕರಿನ ಸೀಟಿ. ಗುರುವಾರ ಪಕ್ಕದ ಮನೆಯವರ ಗೋಡೆ. ಶುಕ್ರವಾರ ಮತ್ತೆ ಕುಕ್ಕರಿನ ಸೀಟಿ, ಈ ಸಲ ಮೊದಲಿನಿಂದ. ಶನಿವಾರ, ಅದಕ್ಕಿಂತ ಹೆಚ್ಚಿಗೆ ಹೇಳಲು ಏನೂ ಇಲ್ಲದೆ, ಕನಸಿನಲ್ಲಿ ಆನೆ ಕಂಡದ್ದನ್ನು ಸೊಂಡಿಲಿನಿಂದ ಬಾಲದವರೆಗೆ ವರ್ಣಿಸಿದಳು. ಮಗಳು ಮಡಿಚಿದ ಅರ್ಜಿಯನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲು ಕಡಿಯುತ್ತಿದ್ದಳು.

“ನಿನ್ನ ಆನೆ ಇನ್ನೂ ಎಷ್ಟು ದೊಡ್ಡದಿದೆಯಮ್ಮ?” ಎಂದು ಕೇಳಿದಳು ಕೊನೆಗೆ.

“ಸುಮ್ನಿರು, ಬಾಲ ಬಾಕಿ ಇದೆ” ಎಂದಳು ತಾಯಿ. ಪ್ಯಾಸೆಂಜರ್ ಹೋಯಿತು. ಗೇಟು ಎದ್ದಿತು.

ಭಾನುವಾರ ಆತನ ರಜೆ. ಅಂದರೆ ಬೇರೆ ಮಾರ್ಗದಲ್ಲಿ ಡ್ಯೂಟಿ. ಉಳಿದದ್ದು ಸೋಮವಾರದ ಗೇಟು ಒಂದೇ. ಆ ಸೋಮವಾರ ಮಧ್ಯಾಹ್ನ ಮೂರಕ್ಕೆ ಯಾರೋ ದೊಡ್ಡವರು ಬಂದು ಕತ್ತರಿ ಹಿಡಿದು ಸೇತುವೆಯ ರಿಬ್ಬನ್ನು ಕತ್ತರಿಸಿದರು. ‘ಇಂದಿನಿಂದ ಎಲ್ಲ ಬಸ್ಸುಗಳೂ ಸೇತುವೆಯ ಮೇಲೆ’ ಎಂಬ ಸುತ್ತೋಲೆಗೆ ನಾಲ್ಕು ಗಂಟೆಗೆ ಸಾವಧಾನಪ್ಪ ಸಹಿ ಹಾಕಿದ. ನಾಲ್ಕೂವರೆಗೆ ಬಸ್ಸು ಹೊರಟಿತು.

ಕಾರ್ಖಾನೆಯ ಮುಂದೆ ಹತ್ತಿದ ತಾಯಿಯ ಮುಖದಲ್ಲಿ ಹಬ್ಬಿದ ಕಳೆಯನ್ನು ನೋಡಿದರೆ ಸೇತುವೆಯನ್ನು ಆಕೆಯೇ ಕಟ್ಟಿಸಿದಂತಿತ್ತು. ಕಾಲೇಜಿನ ಮುಂದೆ ಹತ್ತಿದ ಮಗಳ ಕಣ್ಣು ಕೆಂಪಾಗಿದ್ದವು. ಅಂಚೆ ಕಚೇರಿಯ ಸಿಗ್ನಲ್ಲು ಹಸಿರಾಗಿಯೇ ಇತ್ತು. ಆಸ್ಪತ್ರೆಯ ಸಿಗ್ನಲ್ಲಿನಲ್ಲಿ ತಾಯಿ ಯಾರದೋ ಮಂಡಿನೋವನ್ನು ಒಂದೂವರೆ ನಿಮಿಷ ಎಳೆದಳು. ಮುಂದೆ ಬಲಗಡೆ ಸೇತುವೆಯ ಹೊಸ ಏರು ಕಾಣಿಸಿತು. ಎಡಗಡೆ ಗೇಟಿನ ಹಳೆಯ ರಸ್ತೆ.

ಬಸ್ಸು, ಏನೂ ಆಗಿಲ್ಲವೆಂಬಂತೆ, ಎಡಕ್ಕೆ ತಿರುಗಿತು. ನೂರು ಗಜ ಹೋಗಿ ಗೇಟಿನ ಮುಂದೆ ನಿಂತಿತು. ಗೇಟು ಹಾಕಿತ್ತು. ಅದಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು. ಗೇಟಿನವನ ಗೂಡಿಗೂ ಬೀಗ.

“ಅಣ್ಣಾ,” ಎಂದ ರೇಡಿಯೊ ಮೆಲ್ಲಗೆ, “ಸೇತುವೆ ಆ ಕಡೆ.”

ಡ್ರೈವರು ಸರಪಳಿಯನ್ನು ನೋಡಿದ. ಬೀಗವನ್ನು ನೋಡಿದ. “ಹೌದಲ್ಲ” ಎಂದ. ಆಮೇಲೆ ಎಂಜಿನ್ ಆರಿಸಿದ.

ಇದು ಬರೀ ಅಭ್ಯಾಸದ ತಪ್ಪೇ, ಬೇಕೆಂದೇ ಮಾಡಿದ್ದೇ ಎಂದು ಆ ಬಸ್ಸಿನವರು ಅನೇಕ ವರ್ಷ ವಾದಿಸಿದ್ದಾರೆ. ಆತ ಮಾತ್ರ “ಕೈ ತಾನೇ ತಿರುಗ್ತು” ಎಂದದ್ದನ್ನು ಬದಲಿಸಲಿಲ್ಲ.

“ರೈಲು ಎಷ್ಟು ಹೊತ್ತಿಗೆ?” ಎಂದಳು ಅಜ್ಜಿ.

“ರೈಲು ಬರತ್ತೆ ಅಜ್ಜಿ, ಹೋಗತ್ತೆ. ಗೇಟು ಮಾತ್ರ ಇನ್ನು ಈ ಜನ್ಮದಲ್ಲಿ ತೆಗೆಯೋದಿಲ್ಲ” ಎಂದ ರೇಡಿಯೊ.

ಬ್ಯಾಂಕಿನ ಗುಮಾಸ್ತನೊಬ್ಬ ಎದ್ದು ನಿಂತ. “ರಿವರ್ಸ್ ತಗೊಳ್ಳಿ ಸ್ವಾಮಿ! ನಮಗೂ ಮನೆ ಇದೆ.”

ಡ್ರೈವರು ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತ. “ನನಗೂ ಇದೆ ಸಾರ್. ಇಲ್ಲೇ ಇದೆ. ಒಂದೆರಡು ಮಾತಾಡಿ ಮುಗಿಸ್ತೀನಿ.” ಮಗಳ ಕಡೆ ನೋಡಿ, “ಏನಮ್ಮ ಅದು ಕಾಗದ? ನಾಲ್ಕು ದಿನದಿಂದ ಕನ್ನಡಿಯಲ್ಲಿ ನೋಡ್ತಾ ಇದ್ದೀನಿ” ಎಂದ.

ಮಗಳು ಒಂದೇ ಉಸಿರಿಗೆ ಹೇಳಿದಳು: ನರ್ಸಿಂಗ್, ಸೀಟು, ನಾಳೆ ಹತ್ತು ಗಂಟೆ, ಸಹಿ. ಹನ್ನೆರಡು ಸೆಕೆಂಡು ಹಿಡಿಯಿತು. ಹೇಳುವುದಕ್ಕೆ ಯಾವ ಸಿಗ್ನಲ್ಲಾದರೂ ಸಾಕಿತ್ತು. ತಾಯಿಯ ಉತ್ತರಕ್ಕೆ ಮಾತ್ರ ಗೇಟೇ ಬೇಕಿತ್ತು.

“ಬೇಡ ರೀ!” ಎಂದಳು ತಾಯಿ. “ನರ್ಸ್ ಅಂದ್ರೆ ಏನು ಗೊತ್ತಾ? ಹಗಲಿಲ್ಲ, ರಾತ್ರಿ ಇಲ್ಲ. ನಾಳೆ ಇವಳ ಮಕ್ಕಳು ಅಮ್ಮನ್ನ ನೋಡ್ಬೇಕು ಅಂದ್ರೆ ಕಾಲು ಮುರ್ಕೊಂಡು ಬರ್ಬೇಕು.”

“ಅಪ್ಪನ್ನ ನೋಡೋಕೆ ನಾನು ಪಾಸ್ ತಗೊಂಡು ಬರ್ತಾ ಇಲ್ವಾ?” ಎಂದಳು ಮಗಳು.

ಯಾರೋ ನಕ್ಕರು. ಡ್ರೈವರು ನಗಲಿಲ್ಲ. “ನಿನಗೆ ನನ್ನ ಮೇಲೆ ಸಿಟ್ಟಿದ್ಯಾ?” ಎಂದು ಕೇಳಿದ.

“ಇದೆ. ಏಳನೇ ಕ್ಲಾಸಿನಿಂದ ಇದೆ. ಓಟದಲ್ಲಿ ನಾನು ಮೊದಲು ಬಂದಿದ್ದೆ. ಪೋಸ್ಟಾಫೀಸ್ ಸಿಗ್ನಲ್ಲಲ್ಲಿ ಹೇಳ್ದೆ. ಹಸಿರು ಬಿತ್ತು. ನೀವು ಹೊರಟುಹೋದ್ರಿ.”

“ನಾನೆಲ್ಲಿ ಹೋದೆ? ನೀನೂ ಅದೇ ಬಸ್ಸಲ್ಲಿದ್ಯಲ್ಲಮ್ಮ!”

“ಅದೇ ಅಪ್ಪಾ, ನಾನು ಹೇಳ್ತಿರೋದು” ಎಂದಳು ಅವಳು.

ಈ ಸಲ ಯಾರೂ ನಗಲಿಲ್ಲ. ಅಜ್ಜಿ ಸೊಪ್ಪಿನ ಕಟ್ಟುಗಳನ್ನು ಸುಮ್ಮಸುಮ್ಮನೆ ತಿರುವಿಟ್ಟಳು.

“ಮತ್ತೆ ನೀನೂ ಅಂಥದೇ ಕೆಲಸಕ್ಕೆ ಯಾಕೆ ಹೋಗ್ತೀಯ?” ಎಂದ ಡ್ರೈವರು.

“ನೀವು ನಿಧಾನ ಅಂತ ಎಲ್ಲರೂ ನಗ್ತಾರೆ. ಆದ್ರೆ ಬಸುರಿಯರು ಬೇರೆ ಬಸ್ ಬಿಟ್ಟು ಈ ಬಸ್ಸಿಗೇ ಕಾಯ್ತಾರೆ. ನಾನು ನೋಡಿದೀನಿ. ಜನ ಹಾಗೆ ಕಾಯೋ ಅಂಥ ಕೆಲಸ ನನಗೂ ಬೇಕು. ಆದ್ರೆ ನಾನು ರಜೆ ತಗೋತೀನಿ. ಫೋನ್ ಬಂದ್ರೂ ತಗೋತೀನಿ.”

ಅಷ್ಟರಲ್ಲಿ ಗೂಡ್ಸ್ ಬಂದಿತು. ಅದರ ಬೆನ್ನಿಗೇ ಪ್ಯಾಸೆಂಜರ್. ಆ ಮನೆಯವರ ಮಾತು ಯಾವಾಗಲೂ ಅಲ್ಲಿಗೆ ನಿಲ್ಲುತ್ತಿತ್ತು. ಅಂದೂ ನಿಂತಿತು. ಡ್ರೈವರು ಮುಂದಕ್ಕೆ ತಿರುಗಿ ಕೈಯನ್ನು ಕೀಲಿಯ ಮೇಲೂ ಇಟ್ಟ. ಆದರೆ ಗೇಟು ಏಳಲಿಲ್ಲ. ಹನ್ನೊಂದು ನಿಮಿಷದ ಆಚೆಗೆ ಏನು ಮಾತನಾಡಬೇಕೆಂಬುದು ಆ ಮೂವರಿಗೂ ಗೊತ್ತಿರಲಿಲ್ಲ. ಅಷ್ಟು ದೂರ ಅವರು ಎಂದೂ ಹೋದವರಲ್ಲ.

“ಇವಳೂ ಹೋದ್ರೆ,” ಎಂದಳು ತಾಯಿ, ಇಲ್ಲಿಯವರೆಗೆ ನಾವು ಕೇಳಿರದ ಸಣ್ಣ ದನಿಯಲ್ಲಿ, “ನಾನು ಯಾರ ಜೊತೆ ಮಾತಾಡ್ಲಿ?”

“ನಾವೆಲ್ಲ ಇಲ್ವಾ ಅತ್ತಿಗೆ?” ಎಂದ ರೇಡಿಯೊ. ಅಜ್ಜಿ ಅವನ ತೊಡೆಗೆ ಒಂದು ಬಿಟ್ಟಳು.

ಡ್ರೈವರು ಹೆಂಡತಿಯನ್ನು ನೋಡುತ್ತಲೇ ಇದ್ದ. ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದವನಿಗೆ, ಎದುರಾಬದುರು ನೋಡುವಾಗ ಸ್ವಲ್ಪ ಗಲಿಬಿಲಿಯಾದಂತೆ ಕಂಡಿತು. ಕಡೆಗೆ ಮಗಳಿಗೆ, “ನಿಮ್ಮಮ್ಮ ಹೂಂ ಅಂದ್ರೆ ಸಹಿ ಹಾಕ್ತೀನಿ. ಅವಳು ಬೇಡ ಅಂದ್ರೆ ಇಲ್ಲ” ಎಂದ.

ಮಗಳು ತಾಯಿಯ ಕಡೆ ತಿರುಗಲಿಲ್ಲ. ಅರ್ಜಿಯ ಮೂಲೆಯನ್ನು ಮಡಿಸಿ ಬಿಚ್ಚುತ್ತ ಕೂತಳು. ತಾಯಿ ಆ ಮೂಲೆಯನ್ನು ಅಂಗೈಯಿಂದ ನೇರಮಾಡಿ ಗಂಡನ ಕಡೆ ತಿರುಗಿದಳು.

“ವಾರಕ್ಕೊಂದು ದಿನ” ಎಂದಳು ತಾಯಿ. “ಪೂರ್ತಿ ದಿನ. ಬಸ್ಸಿಲ್ಲದ ದಿನ. ಅದು ಕೊಟ್ರೆ ಇವಳು ಹೋಗ್ಲಿ.”

“ಡಿಪೋದಲ್ಲಿ ಕೇಳಿ ಹೇಳ್ತೀನಿ.”

ಇಡೀ ಬಸ್ಸು ಉಸ್ಸೆಂದಿತು. ಅಜ್ಜಿ ಎದ್ದೇ ಬಿಟ್ಟಳು. “ಕೇಳೋದಲ್ಲ ಕಣೋ, ಹೇಳೋದು! ರೂಲು ರೂಲು ಅಂತ ಸಾಯ್ತೀಯ, ರಜೆ ರೂಲಲ್ಲಿ ಇಲ್ವೇನೋ?”

ಡ್ರೈವರನ ಮುಖದಲ್ಲಿ ನಿಯಮದ ಪುಸ್ತಕದ ಹಾಳೆ ಮಗುಚುತ್ತಿರುವುದು ಕಾಣುತ್ತಿತ್ತು. “ಇದೆ” ಎಂದ, ತನಗೇ ಆಶ್ಚರ್ಯವಾದವನಂತೆ. “ಹದಿನಾಲ್ಕನೇ ನಿಯಮ. ಆಯ್ತು. ಹೇಳ್ತೀನಿ.”

ಪೆನ್ನು ಬೇಕಾಯಿತು. ನಾನು ಜೇಬಿನಿಂದ ತೆಗೆದು ಕೊಟ್ಟೆ. “ಕೆಂಪು ಶಾಯಿ ಬೇಡ ಮೇಷ್ಟ್ರೇ, ಫೇಲಾದ ಹಾಗೆ ಕಾಣತ್ತೆ” ಎಂದಳು ಮಗಳು. ನೀಲಿ ಪೆನ್ನು ಕೊಟ್ಟವನು ಮನೆಗೆ ಅವಸರವಿದ್ದ ಗುಮಾಸ್ತನೇ. ಎಂಜಿನ್ನಿನ ಬಿಸಿ ಮುಚ್ಚಳದ ಮೇಲೆ ಅರ್ಜಿಯನ್ನಿಟ್ಟು ಸಾವಧಾನಪ್ಪ ತನ್ನ ಹಾಜರಿ ಪುಸ್ತಕದ ಹೆಸರನ್ನು ದುಂಡಗೆ ಬರೆದ. ಆಮೇಲೆ ನಾವು ಹತ್ತು ಜನ ಕೆಳಗಿಳಿದು, ಹತ್ತು ದಿಕ್ಕಿನಿಂದ ಹತ್ತು ಬಗೆಯಾಗಿ ಕೂಗುತ್ತ, ಬಸ್ಸನ್ನು ಹಿಂದಕ್ಕೆ ತಿರುಗಿಸಿಕೊಟ್ಟೆವು.

ತಡವಾದದ್ದಕ್ಕೆ ಲಿಖಿತ ಕಾರಣ ಕೊಡಬೇಕಿತ್ತು. ಬೇರೆಯವರಾಗಿದ್ದರೆ ತಪ್ಪನ್ನು ಟೈರಿನ ಮೇಲೆ ಹಾಕುತ್ತಿದ್ದರು. ಆತ ಬರೆದದ್ದು ಹೀಗೆ: ‘ಹಳೆಯ ರಸ್ತೆಗೆ ತಿರುಗಿದ್ದು ತಪ್ಪು. ಅಲ್ಲಿ ಇಪ್ಪತ್ತೆರಡು ನಿಮಿಷ ನಿಂತದ್ದು ತಪ್ಪಲ್ಲ, ಮನೆ ಕೆಲಸ.’ ಅದರ ಕೆಳಗೇ, ಅದೇ ಕಾಗದದಲ್ಲಿ, ಇನ್ನು ಮುಂದೆ ಹದಿನಾಲ್ಕನೇ ನಿಯಮದಂತೆ ವಾರದ ರಜೆ ತೆಗೆದುಕೊಳ್ಳುತ್ತೇನೆಂದು ತಿಳಿಸಿದ್ದ.

“ನೀವು ಬರದಿದ್ರೆ ಬಸ್ ಯಾರು ಓಡಿಸ್ತಾರೆ?” ಎಂದು ಮ್ಯಾನೇಜರ್ ಮೇಜು ಗುದ್ದಿದನಂತೆ.

“ಅದನ್ನ ಹತ್ತೊಂಬತ್ತು ವರ್ಷ ನಾನು ಯೋಚನೆ ಮಾಡ್ದೆ ಸಾರ್. ಇನ್ಮೇಲೆ ನೀವು ಸ್ವಲ್ಪ ಮಾಡಿ.”

ಮ್ಯಾನೇಜರ್ ತನಗೆ ಬಂದ ಸಿಟ್ಟಿಗೆ ತಕ್ಕ ಶಿಕ್ಷೆಯನ್ನೇ ಹುಡುಕಿದ: ಏಳು ದಿನ ಕೆಲಸಕ್ಕೆ ಬರಕೂಡದು! ಈತ ಕೇಳಿದ್ದು ಒಂದು ದಿನ. ಮರುದಿನ ಬಸ್ಸಿನಲ್ಲಿ ಈ ಸುದ್ದಿಯನ್ನು ಬಿತ್ತರಿಸುವಾಗ ರೇಡಿಯೊಗೆ ನಗು ತಡೆಯದೆ ಟಿಕೆಟ್ಟುಗಳು ಕೈಯಿಂದ ಜಾರಿದವು. ಹೊಸ ಡ್ರೈವರು ಆಗ ಐವತ್ತೈದರಲ್ಲಿ ಹೋಗುತ್ತಿದ್ದ. ಅಜ್ಜಿ ಎರಡೂ ಕೈಯಿಂದ ಬುಟ್ಟಿಯನ್ನು ಅವುಚಿಕೊಂಡು, “ಆ ಶಿಕ್ಷೆ ನಮಗೆ ಕೊಟ್ಟಿದ್ದು ಕಣಪ್ಪ” ಎಂದಳು.

ಆ ವಾರದಲ್ಲಿಯೇ ಗಂಡ ಹೆಂಡತಿ ಮಗಳನ್ನು ಹಾಸ್ಟೆಲಿಗೆ ಬಿಡಲು ಹೋದರು. ಮುಂದಿನದನ್ನು ನನಗೆ ಹೇಳಿದ್ದು ಹೆಂಡತಿ. ಹೋಗುವಾಗ ಆತ ಪ್ರಯಾಣಿಕರ ಸೀಟಿನಲ್ಲಿ ಕೂತು, ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ನೆಲವನ್ನು ಒತ್ತುತ್ತಿದ್ದನಂತೆ. ಆಕೆ ಮಂಡಿ ಹಿಡಿದು, “ಸುಮ್ನಿರಿ, ಇವತ್ತು ಗಾಡಿ ನಿಮ್ದಲ್ಲ” ಎಂದಳಂತೆ. ಮಗಳ ಟ್ರಂಕನ್ನು ಹಾಸ್ಟೆಲಿನ ಮೂರನೇ ಮಹಡಿಗೆ ಆತನೇ ಹೊತ್ತ. ಮಗಳು ಹೊಸ ಗೆಳತಿಯರ ಎದುರಿಗೆ ಅಳಬಾರದೆಂದು ಇಬ್ಬರನ್ನೂ ಬೇಗ ಕಳಿಸಿಬಿಟ್ಟಳು.

ವಾಪಸು ಬರುವಾಗ ಇಬ್ಬರೇ. ಮೊದಲ ಅರ್ಧ ಗಂಟೆ ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಆಮೇಲೆ ಆತ ಒಮ್ಮೆ ಗಂಟಲು ಸರಿಮಾಡಿಕೊಂಡು, “ನಿಮ್ಮ ಕಾರ್ಖಾನೆಯಲ್ಲಿ ನೀನು ಏನು ಮಾಡ್ತೀಯ?” ಎಂದು ಕೇಳಿದನಂತೆ.

“ಹದಿನಾರು ವರ್ಷದಿಂದ ಅಲ್ಲಿದ್ದೀನಿ, ಈಗ ಕೇಳ್ತಿದ್ದೀರಾ?”

“ಪ್ಯಾಕಿಂಗ್ ಅಂತ ಗೊತ್ತು. ಪ್ಯಾಕಿಂಗ್ ಅಂದ್ರೆ ಹೇಗೆ?”

ಆಕೆ ಹೇಳತೊಡಗಿದಳು. ಪಟ್ಟಿಯ ಮೇಲೆ ಬಿಸ್ಕತ್ತು ಹೇಗೆ ಸಾಲಾಗಿ ಬರುತ್ತವೆ, ಮುರಿದದ್ದನ್ನು ನೋಡದೆಯೇ ಬೆರಳು ಹೇಗೆ ಪತ್ತೆಹಚ್ಚುತ್ತದೆ, ಮೇಲ್ವಿಚಾರಕಿಯ ಬೂಟಿನ ಸದ್ದು ಕೇಳಿದರೆ ಬಾಯಲ್ಲಿರುವುದನ್ನು ಹೇಗೆ ನುಂಗಬೇಕು. ಆತ ನಡುವೆ ನಡುವೆ ಪ್ರಶ್ನೆ ಕೇಳಿದ. ಪಟ್ಟಿ ಎಷ್ಟು ವೇಗದಲ್ಲಿ ಓಡುತ್ತದೆ ಎಂದು ಎರಡು ಸಲ ಕೇಳಿ, ಅದು ಜಾಸ್ತಿಯಾಯಿತೆಂದು ಅಭಿಪ್ರಾಯಪಟ್ಟ. ಮಾತಿನ ಭರದಲ್ಲಿ ಇಬ್ಬರೂ ಇಳಿಯಬೇಕಾದ ಸ್ಟಾಪನ್ನು ದಾಟಿ ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟರು. ಸಂಜೆಯ ಬಿಸಿಲಿನಲ್ಲಿ, ಖಾಲಿ ಚೀಲ ಹಿಡಿದುಕೊಂಡು, ನಡೆದೇ ಮನೆಗೆ ಬಂದರು.

“ಎದುರಿಂದ ವಾಪಸ್ ಬಸ್ಸು ಬಂತು ಮೇಷ್ಟ್ರೇ, ಖಾಲಿಯಾಗೇ ಇತ್ತು” ಎಂದಳು ಆಕೆ. “ನಾವೇ ಹತ್ತಲಿಲ್ಲ. ಡಬ್ಬಕ್ಕೆ ತುಂಬೋದು ಹೇಳಿ ಆಗಿತ್ತು, ಅಂಟಿಸೋದು ಇನ್ನೂ ಹೇಳಿರಲಿಲ್ಲ.”